ಬಿಸಿಲುಂಡ ಬಂಪರ್

ಸಹೋದರಿಯರೇ, ನಿಮ್ಮ ಮನೆಯ ಮಹಡಿಗೆ ಹೋಗಿ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪೊಂದನ್ನು ಕೈಗೆತ್ತಿಕೊಳ್ಳಿ. ಎರಡು ಬೇಸಿಗೆ ಕಂಡ ಕ್ಲಿಪ್ಪಾದರೆ ಬೆರಳಿಗೆ ಬಿಳಿಯ ಹಿಟ್ಟಿನಂಥದ್ದು ಅಂಟುತ್ತದೆ. ತುಸು ಒತ್ತಿದರೆ ಪಟ್ಟನೆ ಮುರಿಯುತ್ತದೆ. ಅದೇ ದಿನ ಕೊಂಡ ಇನ್ನೊಂದು ಕ್ಲಿಪ್ಪು ಅಡಿಗೆಮನೆಯ ಡಬ್ಬದಲ್ಲಿ ಉಳಿದಿದ್ದರೆ ಅದು ಇನ್ನೂ ಹೊಸದರಂತೆಯೇ ಇರುತ್ತದೆ. ಹಳೆಯ ಕಾರಿನ ಕಪ್ಪು ಬಂಪರ್ ಬೂದಿ ಬಣ್ಣಕ್ಕೆ ತಿರುಗುವುದೂ ಇದೇ ಕಾಯಿಲೆಯಿಂದ. ಕಾರಿನ ವಿಷಯ ಗಂಡಸರದ್ದು ಎಂದು ಪುಟ ತಿರುಗಿಸಬೇಡಿ. ಈ ಕೆಲಸಕ್ಕೆ ಬೇಕಾದದ್ದು ಒಂದು ಬಕೆಟ್ ನೀರು, ಹಳೆಯ ಬ್ರಷ್ಷು ಮತ್ತು ತಾಳ್ಮೆ. ಇವು ಮೂರೂ ನಮ್ಮ ಮನೆಗಳಲ್ಲಿ ಯಾರ ಬಳಿ ಇರುತ್ತವೆಂದು ನಿಮಗೆ ಗೊತ್ತೇ ಇದೆ.

ನನಗೆ ಇದನ್ನು ಕಲಿಯಬೇಕಾಗಿ ಬಂದದ್ದು ನನ್ನ ತಂಗಿಯ ಕಾರಣದಿಂದ. ಅವಳಿರುವುದು ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ. ನಡುವೆ ಹದಿನಾಲ್ಕು ಕಿಲೋಮೀಟರ್ ದಾರಿ. ಅವಳ ಪತಿ ತೀರಿಕೊಂಡಾಗ ಮನೆಯ ಮುಂದೆ ಒಂದು ಬಿಳಿ ಮಾರುತಿ 800 ಉಳಿಯಿತು, 2009ರ ಮಾಡೆಲ್. ಓಡಿಸುವವರಿಲ್ಲ. ಇಬ್ಬರು ಮಕ್ಕಳ ಶಾಲೆಯ ಫೀಸು ಕಟ್ಟಬೇಕು. ಮಾರಿಬಿಡೋಣ ಎಂದು ಅವಳು ತೀರ್ಮಾನಿಸಿದಳು. ನೋಡಲು ಬಂದ ದಲ್ಲಾಳಿ ಎಂಜಿನ್ ಶುರು ಮಾಡಿ ಕೇಳಿದ, ಚೆನ್ನಾಗಿದೆ ಎಂದ. ಆಮೇಲೆ ಮುಂದಿನ ಬಂಪರ್ ಮೇಲೆ ಬೆರಳಾಡಿಸಿ, "ಏನಮ್ಮಾ, ಗಾಡಿ ಪೂರಾ ಮುದುಕ ಆಗೇತಲ್ಲ. ಬಂಪರ್ ಎರಡೂ ಬದಲಿಸಬೇಕು, ಗ್ರಿಲ್ ಬದಲಿಸಬೇಕು, ಎಂಟು ಸಾವಿರ ಬರೀ ಇದಕ್ಕೇ ಹೋಗುತ್ತೆ" ಎಂದು 45 ಸಾವಿರದಿಂದ ಒಮ್ಮೆಗೇ 37 ಸಾವಿರಕ್ಕೆ ಇಳಿದ. ತಂಗಿ ರಾತ್ರಿ ಫೋನು ಮಾಡಿ, "ಆಪಾ, ಬಣ್ಣ ಹೋದರೆ ಗಾಡಿಯೇ ಕೆಟ್ಟಂತೆಯೇ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಎಂಟು ಸಾವಿರ ರೂಪಾಯಿ ಎಂದರೆ ಅವಳು ಎಷ್ಟು ರವಿಕೆ ಹೊಲಿಯಬೇಕು ಎಂಬ ಲೆಕ್ಕ ಮಾತ್ರ ಗೊತ್ತಿತ್ತು.

ಬಿಸಿಲು ಮಾಡುವ ಕೆಲಸ

ನಮ್ಮ ಅಬ್ಬಾರ ಕಾಲದ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಇದ್ದದ್ದು ಹೊಳೆಯುವ ಉಕ್ಕಿನ ಬಂಪರ್. ಅದಕ್ಕೆ ತುಕ್ಕಿನ ಭಯವಿತ್ತೇ ಹೊರತು ಬಿಸಿಲಿನ ಭಯವಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ನಂತರದ ವರ್ಷಗಳಲ್ಲಿ ಮಧ್ಯಮ ವರ್ಗದ ಅಂಗಳಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಬಂಪರ್ ಬಂತು. ಹಗುರ, ಅಗ್ಗ, ತುಕ್ಕು ಹಿಡಿಯದು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತಾದರೂ ನಮ್ಮ ಊರುಗಳ ಬೀದಿಗಳಲ್ಲಿ ಅದು ಇನ್ನೂ ಓಡುತ್ತಿದೆ.

ಈ ಬಂಪರುಗಳು ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಬಕೆಟ್ಟು, ಕುರ್ಚಿ, ಟಿಫಿನ್ ಡಬ್ಬಗಳೂ ಅದರದ್ದೇ. ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಇದನ್ನು ಗಟ್ಟಿಯಾಗಿ, ಬಳಕೆಗೆ ಬರುವಂತೆ ತಯಾರಿಸುವ ದಾರಿ ಕಂಡುಕೊಂಡರು. 1963ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಅವರ ಜೊತೆ ನೊಬೆಲ್ ಬಹುಮಾನ ಹಂಚಿಕೊಂಡರು. ತಸ್ಬೀಹಿನ ಮಣಿಗಳಂತೆ ಸಾವಿರಾರು ಸಣ್ಣ ಅಣುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದರೆ ಈ ಪ್ಲಾಸ್ಟಿಕ್ ಆಗುತ್ತದೆ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆಯಲ್ಲ, ಅವು ಗಾಳಿಯ ಆಮ್ಲಜನಕದ ಜೊತೆ ಸೇರಿ ಈ ದಾರವನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಮೇಲ್ಮೈ ಬಿರುಕು ಬಿಡುತ್ತದೆ. ಒಂದೊಂದು ಬಿರುಕೂ ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಳಕು ಆ ಬಿರುಕುಗಳಲ್ಲಿ ಚದುರಿ ಹೋಗುವುದರಿಂದ ಕಪ್ಪು ನಮಗೆ ಬೂದಿಯಾಗಿ ಕಾಣುತ್ತದೆ.

ಮಕ್ಕಳ ಸ್ಲೇಟು ಇದಕ್ಕೆ ಒಳ್ಳೆಯ ಉದಾಹರಣೆ. ಒಣಗಿದ ಸ್ಲೇಟು ಬೂದು ಬಣ್ಣ. ಒದ್ದೆ ಬಟ್ಟೆಯಿಂದ ಒರೆಸಿದ ತಕ್ಷಣ ಕಡುಗಪ್ಪು. ನೀರು ಆರಿದೊಡನೆ ಮತ್ತೆ ಬೂದು. ಸ್ಲೇಟಿನ ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ, ನೀರು ಅದರ ಒರಟುತನವನ್ನು ತುಂಬಿದ್ದಷ್ಟೇ. ಬಂಪರಿನಲ್ಲೂ ಕಪ್ಪು ಬಣ್ಣ ಮೇಲೆ ಬಳಿದದ್ದಲ್ಲ, ಅಚ್ಚು ಹಾಕುವಾಗಲೇ ಒಳಗೆ ಕಲಸಿದ್ದು. ಮನೆಯ ಮಹಡಿಯಲ್ಲಿ ಒಣಗಿಸಿದ ಬುರ್ಖಾ ಕಂದು ಬಣ್ಣಕ್ಕೆ ತಿರುಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬುರ್ಖಾದಲ್ಲಿ ಬಣ್ಣವೇ ಸಾಯುತ್ತದೆ, ಬಂಪರಿನಲ್ಲಿ ಬಣ್ಣ ಬದುಕಿದ್ದು ಮೇಲಿನ ತೆಳು ಚರ್ಮ ಮಾತ್ರ ಸಾಯುತ್ತದೆ. ಎರಡಕ್ಕೂ ನೆರಳೇ ಮೊದಲ ಔಷಧ.

ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್ ಎಂಬ ಅತಿ ನುಣುಪಾದ ಮಸಿ. ಅದು ಬಿಸಿಲಿನ ಕಿರಣಗಳನ್ನು ತಾನೇ ನುಂಗಿ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಮಹಡಿ ಮೇಲಿನ ಕಪ್ಪು ನೀರಿನ ಟ್ಯಾಂಕು ವರ್ಷಗಟ್ಟಲೆ ಬಾಳುವುದು, ಪಕ್ಕದಲ್ಲಿಟ್ಟ ಬಣ್ಣದ ಕುರ್ಚಿ ಬೇಗ ಬಿರುಕು ಬಿಡುವುದು ಇದರಿಂದಲೇ. ದಾವಣಗೆರೆಯ ನಾವು ಮಂಡಕ್ಕಿ ಭಟ್ಟಿಗಳ ಮಸಿಯನ್ನು ಬೈದುಕೊಂಡೇ ಬಟ್ಟೆ ಒಣಗಿಸುತ್ತೇವೆ. ಆ ಮಸಿಯ ಜಾತಿಯದ್ದೇ ಒಂದು ವಸ್ತು ನಮ್ಮ ಟ್ಯಾಂಕನ್ನು ಕಾಯುತ್ತಿದೆ ಎಂದು ತಿಳಿದಾಗ ನನಗೆ ನಗು ಬಂತು. ಆದರೆ ಮಸಿಯ ಶಕ್ತಿಗೂ ಮಿತಿಯಿದೆ. ನಮ್ಮೂರು ಇರುವ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆಯೇ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ. ಆಗಸ್ಟಿನಲ್ಲಿ ಮೋಡವಾದರೂ ಅಡ್ಡ ಇರುತ್ತದೆ, ಏಪ್ರಿಲ್‌ನಲ್ಲಿ ಅದೂ ಇಲ್ಲ.

ತಂಗಿಯ ಕಾರಿನಲ್ಲೇ ಇದರ ಸಾಕ್ಷಿಯಿತ್ತು. ಅದು ಯಾವಾಗಲೂ ಪಶ್ಚಿಮಕ್ಕೆ ಮುಖ ಮಾಡಿ, ಬೆನ್ನನ್ನು ಬೇವಿನ ಮರದ ನೆರಳಿಗೆ ಕೊಟ್ಟು ನಿಲ್ಲುತ್ತಿತ್ತು. ಮುಂದಿನ ಬಂಪರ್ ಬೂದಿಯಂತಾಗಿದ್ದರೆ ಹಿಂದಿನದು ಅಷ್ಟೇನೂ ಕೆಟ್ಟಿರಲಿಲ್ಲ. ಮುಂದಿನದರ ಕೆಳಗೆ ಕೈಹಾಕಿ ಒರೆಸಿ ನೋಡಿದರೆ ಬಿಸಿಲು ತಾಗದ ತಳಭಾಗ ಹೊಸ ಸ್ಲೇಟಿನಷ್ಟು ಕಪ್ಪಗಿತ್ತು. "ಬಂಪರ್ ಬದಲಿಸಬೇಕು" ಎಂದ ದಲ್ಲಾಳಿಯ ಮಾತು ಅರ್ಧ ಸುಳ್ಳು ಎಂದು ನನಗೆ ಆಗಲೇ ಅನ್ನಿಸಿತು.

ಎಣ್ಣೆಯ ಮೋಸ

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ಕೊಬ್ಬರಿ ಎಣ್ಣೆ, ಒಬ್ಬರು ಡೀಸೆಲ್, ಇನ್ನೊಬ್ಬರು ಬೂಟ್ ಪಾಲಿಷ್. ಮೊದಲು ನನ್ನ ಸ್ಕೂಟಿಯ ಬಿಳಚಿದ ಕಪ್ಪು ಭಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಹಚ್ಚಿದ ಗಳಿಗೆಯಲ್ಲಿ ಶೋರೂಮಿನಿಂದ ತಂದಂತೆ ಕಂಡಿತು. ಒಂದು ವಾರದಲ್ಲಿ ಊರಿನ ಧೂಳೂ ಭಟ್ಟಿಯ ಮಸಿಯೂ ಅದಕ್ಕೆ ಮೆತ್ತಿಕೊಂಡು, ಒರೆಸಿದರೆ ಬಟ್ಟೆಯೆಲ್ಲ ಜಿಡ್ಡು. ಎಣ್ಣೆ ಸ್ಲೇಟಿನ ನೀರಿನಂತೆ ಬಿರುಕನ್ನು ತುಂಬುತ್ತದೆ, ಆದರೆ ಅಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಡೀಸೆಲ್, ಸೀಮೆಎಣ್ಣೆಗಳನ್ನಂತೂ ಹತ್ತಿರ ತರಬೇಡಿ. ಬೆಂಕಿಯ ಅಪಾಯ ಒಂದು ಕಡೆಯಾದರೆ, ಬಾಗಿಲು ಮತ್ತು ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಇವುಗಳನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಒಳಗೆ ನೀರು ಬಂದಾಗಲೇ ಅದು ಗೊತ್ತಾಗುವುದು. ಬೂಟ್ ಪಾಲಿಷ್ ಹಚ್ಚಿದರೆ ಡಿಕ್ಕಿ ತೆಗೆಯಲು ಹೋದವರ ಸೀರೆ ಅಂಚಿಗೂ ಬುರ್ಖಾದ ತೋಳಿಗೂ ಅದು ಹತ್ತುತ್ತದೆ.

ಇದೆಲ್ಲಕ್ಕೂ ಮೊದಲು ತಂಗಿ ಗಾಡಿಯನ್ನು ಒಂದು ವಾಷಿಂಗ್ ಸೆಂಟರಿಗೆ ಕಳಿಸಿದ್ದಳು. ಅಲ್ಲಿ ಯಾವುದೋ ಬಾಟಲಿಯಿಂದ ಎಲ್ಲ ಕಪ್ಪು ಭಾಗಕ್ಕೂ ಚಿಮುಕಿಸಿ ಇನ್ನೂರು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಮರುದಿನ ಮಳೆ ಬಂತು. ಬಿಳಿ ಬಾಗಿಲ ಮೇಲೆ ಕಾಡಿಗೆ ಕರಗಿದ ಕಣ್ಣಿನಂತೆ ಕಪ್ಪು ಧಾರೆ ಇಳಿದಿತ್ತು. ಮುಂದಿನ ಗಾಜಿಗೂ ಆ ಜಿಡ್ಡು ಸಿಡಿದು, ವೈಪರ್ ಹಾಕಿದರೆ ಗಾಜು ಮಬ್ಬಾಗುತ್ತಿತ್ತು. ಅಂಗಡಿಗಳಲ್ಲಿ ಹೊಳಪಿನ ಹೆಸರಿನಲ್ಲಿ ಸಿಗುವ ಹಲವು ಬಾಟಲಿಗಳಲ್ಲಿ ಇರುವುದು ಇಂಥ ಸಿಲಿಕೋನ್ ಎಣ್ಣೆಯೇ. ಮದುವೆಗೆ ಹೊರಡುವ ದಿನದ ಚೆಂದಕ್ಕೆ ಆದೀತು. ದುರಸ್ತಿ ಎನ್ನಲಾಗದು.

ಕಿರ್ಲೋಸ್ಕರ್ ಮಾಮು ಹೇಳಿದ್ದು

ಹರಿಹರದ ಹಳಬರಿಗೆ ಯಂತ್ರದ ಕೈಗುಣ ಇರುವುದು ಆಶ್ಚರ್ಯವಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿ ಆ ಊರನ್ನು ಕೈಗಾರಿಕೆಯ ಊರನ್ನಾಗಿ ಮಾಡಿತು. ಈಗ ಕಾರ್ಖಾನೆ ಇಲ್ಲ. ಅಲ್ಲಿ ದುಡಿದವರು ಊರಿನಲ್ಲಿದ್ದಾರೆ. ನಮ್ಮ ದೂರದ ಸಂಬಂಧದ ಮಾಮು ಒಬ್ಬರು ಅಲ್ಲಿ ಫಿಟ್ಟರ್ ಆಗಿದ್ದವರು. ತಂಗಿಯ ಅಂಗಳಕ್ಕೆ ಬಂದು, ಕನ್ನಡಕ ಏರಿಸಿ, ಬಂಪರಿನ ಒಳಬದಿಗೆ ಟಾರ್ಚ್ ಹಾಕಿದರು. ಪ್ಲಾಸ್ಟಿಕ್ ಭಾಗಗಳ ಬೆನ್ನಿಗೆ ಅವು ಯಾವುದರಿಂದ ಮಾಡಿದವು ಎಂಬ ಅಕ್ಷರಗಳನ್ನು ಅಚ್ಚು ಹಾಕುವ ರೂಢಿಯಿದೆ. 'ಪಿಪಿ' ಎಂದಿದ್ದರೆ ಪಾಲಿಪ್ರೊಪಿಲೀನ್, 'ಇಪಿಡಿಎಂ' ಎಂದೂ ಸೇರಿದ್ದರೆ ಅದರಲ್ಲಿ ರಬ್ಬರಿನ ಮಿಶ್ರಣವಿದೆ ಎಂದರ್ಥ.

"ಪೇಂಟ್ ಹೊಡೆಸೋಣವೇ ಮಾಮು?" ಎಂದು ಕೇಳಿದೆ. ಗ್ಯಾರೇಜಿನಲ್ಲಿ ಎರಡೂ ಬಂಪರಿಗೆ 3,500 ರೂಪಾಯಿ ಹೇಳಿದ್ದರು.

"ಬೇಟಿ, ಈ ಪ್ಲಾಸ್ಟಿಕ್ ಮೈಗೆ ಯಾವ ಬಣ್ಣವೂ ಸುಲಭವಾಗಿ ಹಿಡಿಯೋದಿಲ್ಲ. ಮೊದಲು ಪ್ಲಾಸ್ಟಿಕ್ ಪ್ರೈಮರ್ ಹಾಕಬೇಕು. ಅವನು ಹಾಕುತ್ತಾನೋ ಇಲ್ಲವೋ ನೀನು ನಿಂತು ನೋಡ್ತೀಯಾ? ಹಾಕದಿದ್ದರೆ ಬೇಯಿಸಿದ ಆಲೂಗಡ್ಡೆ ಸಿಪ್ಪೆ ಥರ ಎದ್ದು ಬರುತ್ತೆ" ಎಂದರು.

ಬಿಸಿಗಾಳಿಯ ಗನ್ನಿನ ವಿಷಯವನ್ನೂ ಕೇಳಿದೆ. ಅದನ್ನು ಹತ್ತಿರ ಹಿಡಿದರೆ ಮೇಲ್ಮೈ ತುಸು ಕರಗಿ ಬಿರುಕುಗಳು ಮುಚ್ಚಿ ಕಣ್ಣೆದುರೇ ಕಪ್ಪಾಗುತ್ತದೆ, ನೋಡಲು ಜಾದೂ. ಆದರೆ ಹೊಸ ಕಾವಲು ಏನನ್ನೂ ಅದು ಕೊಡುವುದಿಲ್ಲವಾದ್ದರಿಂದ ಬಿಸಿಲು ಮತ್ತೆ ತನ್ನ ಕೆಲಸ ಶುರುಮಾಡುತ್ತದೆ. ಒಂದು ಕ್ಷಣ ಹೆಚ್ಚಾದರೆ ಬಂಪರ್ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ, ಗಾಜು ಸೀಳುವುದೂ ಉಂಟು. ಮಕ್ಕಳಿರುವ ಅಂಗಳಕ್ಕೆ ಅದು ಬೇಡವೆಂದು ಬಿಟ್ಟೆವು. ತಲೆಕೂದಲು ಒಣಗಿಸುವ ಡ್ರೈಯರ್ ಸಾಲದೇ ಎಂದು ತಂಗಿಯ ಮಗಳು ಕೇಳಿದಳು. ಅದರ ಕಾವು ಸಾಲದು.

ಮಾಮು ಹೇಳಿದ ದಾರಿ ಮೂರನೆಯದು. ಪ್ಲಾಸ್ಟಿಕ್ ಟ್ರಿಮ್ ಕೋಟಿಂಗ್ ಎಂದು ಸಣ್ಣ ಬಾಟಲಿಗಳು ಸಿಗುತ್ತವೆ. ಎಣ್ಣೆಯಂತೆ ಒದ್ದೆಯಾಗಿಯೇ ಉಳಿಯದೆ, ಇವು ಗಾಳಿಗೆ ಒಣಗಿ ಗಟ್ಟಿಯಾದ ತೆಳು ಪೊರೆಯಾಗುತ್ತವೆ. ಕೊಳ್ಳುವಾಗ ಬಾಟಲಿಯ ಮೇಲೆ ಒಂದೇ ಒಂದು ಸಂಗತಿ ನೋಡಿ: ಹಚ್ಚಿದ ಮೇಲೆ ಇಷ್ಟು ಗಂಟೆ ನೀರು ತಾಗಿಸಬೇಡಿ ಎಂದು ಬರೆದಿದೆಯೇ? ಬರೆದಿದ್ದರೆ ಅದು ಗಟ್ಟಿಯಾಗುವ ಜಾತಿ. ಹಚ್ಚಿ, ಒರೆಸಿ, ಹೊರಡಿ ಎಂದಿದ್ದರೆ ಸಾಮಾನ್ಯವಾಗಿ ಎಣ್ಣೆಯ ಜಾತಿ. ನಾವು ಕೊಂಡದ್ದಕ್ಕೆ 550 ರೂಪಾಯಿ. ಎರಡು ಬಂಪರ್, ಗ್ರಿಲ್, ಕನ್ನಡಿಗಳಿಗೆಲ್ಲ ಹಚ್ಚಿದರೂ ಅರ್ಧ ಬಾಟಲಿ ಉಳಿಯಿತು.

ಮುಕ್ಕಾಲು ಪಾಲು ತೊಳೆಯುವುದೇ

ಭಾನುವಾರ ಬೆಳಿಗ್ಗೆ ಏಳಕ್ಕೇ ಶುರುಮಾಡಿದೆವು. ಕಾದ ಪ್ಲಾಸ್ಟಿಕ್ಕಿನ ಮೇಲೆ ಈ ಕೆಲಸ ಆಗದು, ಗಾಡಿ ನೆರಳಿನಲ್ಲಿ ತಣ್ಣಗಿರಬೇಕು.

ಮೊದಲು ನೀರು ಹಾಕಿ ಸುಮ್ಮನೆ ನೋಡಿ. ಒದ್ದೆಯಾದಾಗ ಪೂರ್ತಿ ಕಪ್ಪಾಗಿ ಕಂಡರೆ ಅದು ಬಿಸಿಲಿನ ಕಾಯಿಲೆ. ಒದ್ದೆಯಲ್ಲೂ ಬಿಳಿ ಚುಕ್ಕೆ ಉಳಿದರೆ ಅದು ಬೇರೆ. ಕಾರಿನ ಪೇಂಟಿಗೆ ಹಚ್ಚಿದ ವ್ಯಾಕ್ಸ್ ಪ್ಲಾಸ್ಟಿಕ್ಕಿನ ಸಂದಿಗಳಲ್ಲಿ ಕುಳಿತದ್ದಿರಬಹುದು, ಇಲ್ಲವೇ ಬೋರ್‌ವೆಲ್ ನೀರಿನ ಉಪ್ಪು. ಉಪ್ಪಿನ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು. ನಲ್ಲಿಯ ತಳದ ಬಿಳಿ ಕಲೆ ಬಿಡಿಸುವ ಉಪಾಯವೇ. ಬಿಟ್ಟ ಕೂಡಲೇ ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ನಂತರ ಪಾತ್ರೆ ತೊಳೆಯುವ ದ್ರವ ಸ್ವಲ್ಪ, ನೀರು ಹೆಚ್ಚು, ಮೆತ್ತನೆಯ ಬ್ರಷ್ಷು. ಸಂದಿಗಳಿಗೆ ಹಳೆಯ ಟೂತ್ ಬ್ರಷ್. ವಾಷಿಂಗ್ ಸೆಂಟರಿನವರು ಹಚ್ಚಿದ್ದ ಜಿಡ್ಡು ಬಿಡಲು ನಮಗೆ ನಾಲ್ಕು ಸಲ ಉಜ್ಜಬೇಕಾಯಿತು. ಪಾತ್ರೆಯ ಸ್ಟೀಲ್ ಗುಂಜನ್ನು, ಹಸಿರು ಸ್ಕ್ರಬ್ಬರನ್ನು ಮುಟ್ಟಬೇಡಿ. ಬಂಪರಿನ ಮೇಲೆ ಸಣ್ಣ ಸಣ್ಣ ಉಬ್ಬಿನ ವಿನ್ಯಾಸವಿರುತ್ತದೆ, ಅದು ಸವೆದರೆ ಮತ್ತೆ ಬರುವುದಿಲ್ಲ. ಗೋಡೆಯ ಕಲೆ ತೆಗೆಯುವ ಬಿಳಿ ಮ್ಯಾಜಿಕ್ ಸ್ಪಂಜನ್ನು ಹಗುರವಾಗಿ ಬಳಸಿದರೆ ಸತ್ತ ಬೂದಿ ಪದರ ಎದ್ದು ಬರುತ್ತದೆ. ಸ್ಪಂಜು ಕಪ್ಪಾದರೆ ಹೆದರಬೇಡಿ.

ತೊಳೆದು ಒಣಗಿದ ಮೇಲೆ ಬಿಳಿ ಬಟ್ಟೆಯೊಂದರಿಂದ ಒರೆಸಿ. ಬಟ್ಟೆಗೆ ಬೂದಿಯಾಗಲಿ ಜಿಡ್ಡಾಗಲಿ ಹತ್ತಿದರೆ ಮತ್ತೆ ತೊಳೆಯಬೇಕು. ಇಲ್ಲಿ ಆತುರಪಟ್ಟವರ ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ತರುವುದಾದರೆ ಲೇಬಲ್ ಓದಿ, ಕೆಲವದರಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಅದನ್ನು ಒರೆಸಿದರೆ ತೆಗೆದ ಜಿಡ್ಡನ್ನು ಮತ್ತೆ ಹಚ್ಚಿದಂತೆ.

ಹಚ್ಚುವ ಕೆಲಸ ಒಂದು ಗಂಟೆಯದ್ದು ಅಷ್ಟೇ. ಬಿಳಿ ಪೇಂಟಿನ ಅಂಚಿಗೆ ಕಾಗದದ ಟೇಪ್ ಅಂಟಿಸಿ, ಕೈಗೆ ಗ್ಲೌಸ್ ಹಾಕಿ, ಸ್ಪಂಜಿನ ತುಂಡಿನಿಂದ ತೆಳುವಾಗಿ ಒಂದೇ ದಿಕ್ಕಿಗೆ. ಮೆಹಂದಿಯಂತೆ ದಪ್ಪ ಹಚ್ಚಿದಷ್ಟೂ ಬಣ್ಣ ಎಂಬ ಲೆಕ್ಕ ಇಲ್ಲಿಲ್ಲ. ದಪ್ಪವಾದರೆ ಗೀರು ಗೀರಾಗಿ ಕಾಣುತ್ತದೆ. ಹೆಚ್ಚಾದದ್ದನ್ನು ತಕ್ಷಣ ಒರೆಸಿ. ಮೊದಲ ಪದರ ಒಣಗಿದ ಮೇಲೆ ಬೇಕಿದ್ದರೆ ಇನ್ನೊಂದು. ನಮ್ಮ ಬಾಟಲಿಯ ಮೇಲೆ 24 ಗಂಟೆ ನೀರು ಬೇಡ ಎಂದಿತ್ತು, ಮೋಡ ಕವಿದಿದ್ದರಿಂದ ರಾತ್ರಿಯಿಡೀ ಟಾರ್ಪಾಲು ಕಟ್ಟಿದೆವು. ಬೆಳಿಗ್ಗೆ ಟಾರ್ಪಾಲು ತೆಗೆದಾಗ ತಂಗಿ ಏನೂ ಮಾತಾಡಲಿಲ್ಲ. ಅವರಿದ್ದಾಗ ಗಾಡಿ ಹೀಗೇ ಇತ್ತು ಎಂದು ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು.

ಆದರೆ ಮುರಿದದ್ದನ್ನು ಯಾವ ಕೋಟಿಂಗೂ ಕೂಡಿಸದು. ಹಿಂದಿನ ಬಂಪರಿನ ಒಂದು ಮೂಲೆಯ ಕ್ಲಿಪ್ಪು ತುಂಡಾಗಿತ್ತು, ಪಕ್ಕದಲ್ಲಿ ಕೂದಲೆಳೆಯ ಬಿರುಕೂ ಇತ್ತು. ಕಪ್ಪಾದ ಮೇಲೆ ಆ ಬಿರುಕು ಕಾಣದಂತಾಯಿತು. ಆಗ ನಮ್ಮಿಬ್ಬರಿಗೂ ಕಸಿವಿಸಿ ಶುರುವಾಯಿತು. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಘಟನೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ವ್ಯಾಪಾರಿಯ ಧಾನ್ಯ ನೆನೆದದ್ದೂ ಮಳೆಯಿಂದಲೇ. ನೆನೆದದ್ದು ತಪ್ಪಾಗಿರಲಿಲ್ಲ, ಅದನ್ನು ಅಡಿಗೆ ಹಾಕಿದ್ದು ತಪ್ಪಾಗಿತ್ತು. ತಂಗಿ ಫೋನಿನಲ್ಲಿ ತೊಳೆಯುವ ಮುಂಚಿನ ಫೋಟೋಗಳನ್ನು ಅಳಿಸದೆ ಇಟ್ಟುಕೊಂಡಳು.

ಮಾರುವ ಮುನ್ನ ಕಾಗದದ ಕೆಲಸವನ್ನೂ ಹೇಳಿಬಿಡುತ್ತೇನೆ, ವಿಧವೆಯರಾದ ಎಷ್ಟೋ ಸಹೋದರಿಯರು ಇಲ್ಲೇ ಸಿಕ್ಕಿಬೀಳುತ್ತಾರೆ. ಮಾಲೀಕರು ತೀರಿಕೊಂಡರೆ ವಾಹನವನ್ನು ವಾರಸುದಾರರ ಹೆಸರಿಗೆ ಮಾಡಿಸಲು ಆರ್‌ಟಿಒದಲ್ಲಿ 31ನೇ ನಮೂನೆ ಕೊಡಬೇಕು. ಆಮೇಲೆ ಮಾರುವಾಗ 29 ಮತ್ತು 30. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. ತಂಗಿ 2024ರಲ್ಲಿ ನವೀಕರಿಸಿದ್ದಳು. ಬಂಪರಿನ ಬಣ್ಣಕ್ಕಿಂತ ಆ ಕಾಗದಕ್ಕೇ ಬೆಲೆ ಹೆಚ್ಚು. ದಲ್ಲಾಳಿ ಅದರ ಮಾತೇ ಎತ್ತಿರಲಿಲ್ಲ ನೋಡಿ.

ಎರಡು ವಾರದ ನಂತರ ಮಲೇಬೆನ್ನೂರಿನಿಂದ ಒಬ್ಬರು ಮೇಷ್ಟ್ರು ಹೆಂಡತಿಯ ಜೊತೆ ಬಂದರು. ತಂಗಿ 48 ಸಾವಿರ ಹೇಳಿದಳು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಬಂಪರ್ ಹೊಸದು ಹಾಕಿಸಿದ್ದೀರಾ?" ಎಂದು ಕೇಳಿದರು. "ಇಲ್ಲ, ಹಳೆಯದೇ. ನಾವೇ ತೊಳೆದು ಕೋಟಿಂಗ್ ಹಚ್ಚಿದ್ದೇವೆ" ಎಂದು ಫೋಟೋ ತೋರಿಸಿದಳು. ಹಿಂದಕ್ಕೆ ಕರೆದುಕೊಂಡು ಹೋಗಿ ಬಿರುಕಿನ ಮೇಲೆ ಬೆರಳಿಟ್ಟು, ಕ್ಲಿಪ್ಪು ಮುರಿದ ಮೂಲೆಯನ್ನು ಅಲ್ಲಾಡಿಸಿ ತೋರಿಸಿದಳು. ಮೇಷ್ಟ್ರು ಬಿರುಕಿಗೆ ಒಂದಿಷ್ಟು, ಸವೆದ ಟೈರಿಗೆ ಒಂದಿಷ್ಟು ಇಳಿಸಿದರು. 44 ಸಾವಿರಕ್ಕೆ ಮಾತು ಮುಗಿಯಿತು.

ಹೊರಡುವಾಗ ಅವರ ಹೆಂಡತಿ ಇಳಿದು ಬಂದು ಆ ಬಾಟಲಿಯ ಹೆಸರೇನು ಎಂದು ಕೇಳಿದರು. ತಂಗಿ ಒಳಗೆ ಹೋಗಿ ಉಳಿದ ಅರ್ಧ ಬಾಟಲಿಯನ್ನೇ ತಂದು, ಜೊತೆಗೆ ಟೂತ್ ಬ್ರಷ್ಷನ್ನೂ ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟಳು.